ಕರಿಬಟ್ಟೆಯ ಹಿಂದಿನ ಪೆಡಲ್

ನಾನು ಒಂದು ಪೆಡಲ್. ಸೈಕಲ್ಲಿನದಲ್ಲ, ಡ್ರಮ್ಮಿನದು. ಡ್ರಮ್ ಸೆಟ್ಟಿನಲ್ಲಿ ನೆಲದ ಮೇಲೆ ಕೂತಿರುವ ದೊಡ್ಡ ಡ್ರಮ್ಮನ್ನು ಕೈಯಿಂದ ಬಾರಿಸುವುದಿಲ್ಲ, ಕಾಲಿನಿಂದ ಬಾರಿಸುತ್ತಾರೆ. ನನಗೆ ಎರಡು ಕಬ್ಬಿಣದ ಹಲಗೆಗಳಿವೆ, ಬಲಗಾಲಿಗೊಂದು, ಎಡಗಾಲಿಗೊಂದು. ತುಳಿದರೆ ಸರಪಳಿ ಎಳೆಯುತ್ತದೆ, ಉಣ್ಣೆ ಸುತ್ತಿದ ಸುತ್ತಿಗೆ ಹೋಗಿ ಡ್ರಮ್ಮಿಗೆ ಬಡಿಯುತ್ತದೆ. ಕಾಲೆತ್ತಿದರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ನಾನು ಹುಟ್ಟಿದ್ದು ತೈವಾನಿನ ಒಂದು ಕಾರ್ಖಾನೆಯಲ್ಲಿ. ನನ್ನ ತಳಕ್ಕೆ ಮೊಳೆ ಕೂರಿಸಿದವಳು ಯಾರೋ ಹೆಂಗಸು. ಅವಳ ಮುಖ ನಾನು ನೋಡಲಿಲ್ಲ. ಆಮೇಲೂ ಯಾರ ಮುಖವನ್ನೂ ಸರಿಯಾಗಿ ನೋಡಿದವನಲ್ಲ. ನೆಲದ ಮೇಲಿರುವವನಿಗೆ ಮನುಷ್ಯರೆಂದರೆ ಅಂಗಾಲು.

ಹುಬ್ಬಳ್ಳಿಗೆ ಬಂದು ಮೊದಲು ಈರಣ್ಣ ಮಾಸ್ತರರ ಕೈ ಸೇರಿದೆ. ಅವರು ಮದುವೆಗಳಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಸಿನಿಮಾ ಹಾಡುಗಳಿಗೆ ಬಲಗಾಲು ಸಾಕು. ನನ್ನ ಎಡಹಲಗೆ ಆರು ವರ್ಷ ಯಾರೂ ತುಳಿಯದೆ ಧೂಳು ತಿಂದಿತು. ಮಾಸ್ತರರಿಗೆ ಮಂಡಿನೋವು ಶುರುವಾದಾಗ ನನ್ನನ್ನು ಒಂದು ಹಳೆ ಟವೆಲಿನಲ್ಲಿ ಸುತ್ತಿ ತಮ್ಮ ಶಿಷ್ಯೆಗೆ ಕೊಟ್ಟರು.

"ಎರಡೂ ಕಾಲಿಲೆ ಬಾರಿಸೋರು ನೀವ ಅಲ್ಲೇನವಾ, ಆ ಕಬ್ಬಿಣದ ಗದ್ದಲದಾಗ. ತಗೊಂಡು ಹೋಗು. ನನ್ನ ಕಡೆ ಇದು ಅರ್ಧಾ ಸತ್ತೈತಿ."

ಶಿಷ್ಯೆಯ ಹೆಸರು ವೈಜಯಂತಿ ಬಡಿಗೇರ. ಮೂವತ್ತಮೂರು ವಯಸ್ಸು, ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ. ಅವಳು ಬರಿಗಾಲಿನಲ್ಲಿ ಬಾರಿಸುತ್ತಿದ್ದಳು. ಎರಡನೇ ಬೆರಳಿನ ಸುತ್ತ ಕಾಲುಂಗುರವಿದ್ದ ಜಾಗ ಬೆಳ್ಳಗಿತ್ತು. ನಾಲ್ಕು ವರ್ಷ ಗದಗಿನಲ್ಲಿ ಗಂಡನ ಮನೆಯಲ್ಲಿದ್ದು ಹಿಂದಿರುಗಿದವಳು. ಅಲ್ಲಿ ಏನಾಯಿತು ಎಂದು ತಾಯಿ ಕೇಳಲಿಲ್ಲ, ಇವಳು ಹೇಳಲಿಲ್ಲ. ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುವ ಕಾಲುಗಳಾದ್ದರಿಂದ ಹಿಮ್ಮಡಿ ಒಮ್ಮೆ, ಬೆರಳು ಒಮ್ಮೆ ಒತ್ತುವ ಬಗೆ ಅವಳಿಗೆ ಯಾರೂ ಕಲಿಸದೆ ಬಂದಿತ್ತು. ಒಂದು ತುಳಿತಕ್ಕೆ ಎರಡು ಏಟು. ಎರಡು ಕಾಲೂ ಸೇರಿದರೆ ಆಲಿಕಲ್ಲು ಬಿದ್ದಂತೆ. ಬಾಯಲ್ಲಿ ಆಡದೇ ಉಳಿದದ್ದೆಲ್ಲ ಆ ಕಾಲುಗಳಿಂದ ನನ್ನೊಳಗೆ ಇಳಿಯುತ್ತಿತ್ತು. ನಾನು ಅದನ್ನು ಡ್ರಮ್ಮಿಗೆ ದಾಟಿಸುತ್ತಿದ್ದೆ.

ಅವರದು ಮೂವರು ಹೆಂಗಸರ ಹೆವಿ ಮೆಟಲ್ ಬ್ಯಾಂಡು, ಹೆಸರು 'ಗರಗಸ'. ಗಿಟಾರ್ ಹಿಡಿದು ಹಾಡುವವಳು ಮೆಹರುನ್ನಿಸಾ, ಗ್ಯಾಸ್ ಏಜೆನ್ಸಿಯಲ್ಲಿ ಗುಮಾಸ್ತೆ. ಬೇಸ್ ಗಿಟಾರ್ ರೈಲ್ವೆ ಕಾಲೊನಿಯ ಗ್ಲೋರಿಯಾಳದು. ಹೊಲಿಗೆಮನೆಯ ಹೆಂಗಸರ ಬಗ್ಗೆ 'ಸೂಜಿ' ಎಂಬ ಹಾಡನ್ನು ಮೆಹರು ಬರೆದಿದ್ದಳು. ಅದನ್ನು ದೊಡ್ಡ ವೇದಿಕೆಯಲ್ಲಿ ಹಾಡಬೇಕು, ಒಂದು ಆಲ್ಬಮ್ಮಿನಲ್ಲಿ ಸಾವಿರಾರು ಜನ ಕೇಳಬೇಕು. ಮೂವರ ಆಸೆ ಇದೊಂದೇ.

ಆಗ ಬೆಂಗಳೂರಿನ 'ಕರಿಬಂಡೆ' ಬ್ಯಾಂಡಿನ ಸುದ್ದಿ ಬಂತು. ಮೂವತ್ತು ವರ್ಷದ ಹಳೆಯ, ಹೆಸರಾದ ಬ್ಯಾಂಡು. ಐದು ಊರುಗಳ ವಿದಾಯ ಪ್ರವಾಸಕ್ಕೆ ಓಪನಿಂಗ್ ಬ್ಯಾಂಡ್ ಹುಡುಕುತ್ತಿದ್ದರು. ದೊಡ್ಡವರು ವೇದಿಕೆಗೆ ಬರುವ ಮೊದಲು ಅರ್ಧ ಗಂಟೆ ನುಡಿಸಿ ಜನರನ್ನು ಹುರಿದುಂಬಿಸುವುದು ಓಪನಿಂಗ್ ಬ್ಯಾಂಡಿನ ಕೆಲಸ. ಅದಕ್ಕೊಂದು ಪದ್ಧತಿಯಿದೆ: ಡ್ರಮ್ಮು ದೊಡ್ಡವರದು, ಪೆಡಲ್ ಮಾತ್ರ ಚಿಕ್ಕವರೇ ತರಬೇಕು. ಪೆಡಲ್ ಅಂದರೆ ಚಪ್ಪಲಿಯ ಹಾಗೆ, ಒಬ್ಬರ ಕಾಲಿನದು ಇನ್ನೊಬ್ಬರಿಗೆ ಹಿಡಿಸದು. ಹಾಗಾಗಿ ನಾನೂ ಬೆಂಗಳೂರಿನ ರೈಲು ಹತ್ತಿದೆ.

ಅರ್ಜಿ ಹಾಕಿದ ನಲವತ್ತು ಬ್ಯಾಂಡುಗಳಲ್ಲಿ ಮೂರನ್ನು ಕರೆದಿದ್ದರು. ಉಳಿದೆರಡೂ ನಮಗಿಂತ ಹೆಸರಾದವು. ಕರಿಬಂಡೆಯ ಗಾಯಕ, ಯಜಮಾನ ಜಯತೀರ್ಥ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಎಲ್ಲರೂ ಅವನನ್ನು ಜೇಟಿ ಎನ್ನುತ್ತಿದ್ದರು. ಡ್ರಮ್ಮರ್ ಚಂದ್ರಹಾಸ್ ಕುರ್ಚಿ ಬಿಟ್ಟು ನೆಲಕ್ಕೆ ಬಂದು ನನ್ನ ಪಕ್ಕದಲ್ಲೇ ಕೂತ. ಮೆಹರು 'ಸೂಜಿ' ಹಾಡುವಷ್ಟು ಹೊತ್ತೂ ಅವನು ತಲೆ ಎತ್ತಲಿಲ್ಲ. ವೈಜಯಂತಿಯ ಪಾದಗಳನ್ನೇ ನೋಡುತ್ತಿದ್ದ.

ಹಾಡು ಮುಗಿದ ಮೇಲೆ "ನಾನೊಂದ್ಸಲ ಕೂತು ನೋಡ್ಲಾ ಅಮ್ಮ?" ಎಂದ.

ಅವನ ದಪ್ಪ ಕಾಲುಚೀಲದ ಪಾದ ನನ್ನ ಮೇಲೆ ಬಿದ್ದಾಗಲೇ ನನಗೆ ತಿಳಿಯಿತು. ಅದು ಅರ್ಧ ಹಲಗೆಯ ಮೇಲಿತ್ತು, ಅರ್ಧ ನೆಲದ ಮೇಲಿತ್ತು. ತಾನು ಎಲ್ಲಿದ್ದೇನೆಂಬುದು ಆ ಪಾದಕ್ಕೆ ಗೊತ್ತಿರಲಿಲ್ಲ. ನಾಲ್ಕು ಏಟು ಹಾಕಿ, ಎರಡು ತಪ್ಪಿ, "ಹೊಸ ಪೆಡಲ್ಲು, ಒಗ್ಗಲ್ಲ ಗುರು" ಎಂದು ನಕ್ಕ. ಜೇಟಿ ನಗಲಿಲ್ಲ.

ಮೂರನೇ ದಿನ ಫೋನು ಬಂತು. ಆಯ್ಕೆಯಾದದ್ದು ಗರಗಸ.

"ನಮ್ಮ ಹಾಡು ಕೇಳಿದ್ರಲೇ!" ಎಂದು ಮೆಹರು ಹೊಲಿಗೆಮನೆಯ ಬಾಗಿಲಲ್ಲೇ ಕೂಗಿದಳು. "ಆ ಬೆಂಗಳೂರಿನ ಮಂದಿ ಬಿಟ್ಟು ನಮ್ಮನ್ನ ಹಿಡದ್ರು. ಹಾಡು ಹಿಡಿಸ್ತು ಅಂದ್ರೇನ ಬೇ?"

"ಹೂಂ, ಹಾಡು ಭಾಳ ಹಿಡಿಸ್ತಂತ" ಎಂದಳು ವೈಜಯಂತಿ. ಫೋನಿನಲ್ಲಿ ಜೇಟಿ ಅಂಥ ಮಾತೇನೂ ಆಡಿರಲಿಲ್ಲ. "ಮೊದಲ ಕಾರ್ಯಕ್ರಮಕ್ಕೆ ಒಂದು ದಿನ ಮುಂಚೆನೇ ಬಾಮ್ಮ, ಒಬ್ಬಳೇ" ಎಂದಿದ್ದ ಅಷ್ಟೆ. ಗೆಳತಿಯ ಸಂತೋಷಕ್ಕೆ ಅವಳು ಎರಡು ಮಾತು ಕೂಡಿಸಿದಳು. ಆ ಕ್ಷಣಕ್ಕೆ ಅದು ಸುಳ್ಳು ಎಂದು ಅವಳಿಗೂ ಅನ್ನಿಸಲಿಲ್ಲ.

ಮೊದಲ ಊರು ಮಂಗಳೂರು. ಅಲ್ಲಿ ಖಾಲಿ ವೇದಿಕೆಯ ಮೇಲೆ ಜೇಟಿ ವಿಷಯ ಬಿಚ್ಚಿದ. ಚಂದ್ರಹಾಸನಿಗೆ ಸಕ್ಕರೆ ಕಾಯಿಲೆ, ಮಂಡಿಯ ಕೆಳಗೆ ಸ್ಪರ್ಶ ಹೋಗಿದೆ. ಕೈ ಚೆನ್ನಾಗಿದೆ, ಕಾಲು ಮುಗಿಯಿತು. ಈಗಿನ ದೊಡ್ಡ ಕಾರ್ಯಕ್ರಮಗಳಲ್ಲಿ ಈ ಡ್ರಮ್ಮಿನ ಸದ್ದು ಹೇಗೂ ಒಂದು ವೈರಿನ ಮೂಲಕ ಸ್ಪೀಕರಿಗೆ ಹೋಗುತ್ತದೆ. ಆ ವೈರನ್ನು ಅವನ ಡ್ರಮ್ಮಿನಿಂದ ತೆಗೆದು, ವೇದಿಕೆಯ ಹಿಂದೆ ಕರಿಬಟ್ಟೆಯ ಮರೆಯಲ್ಲಿಟ್ಟ, ಏಟು ಬಿದ್ದರೆ ಡ್ರಮ್ಮಿನದೇ ಸದ್ದು ಕಳಿಸುವ ರಬ್ಬರ್ ದಿಂಬಿಗೆ ಹಾಕುವುದು. ವೈಜಯಂತಿ ಅಲ್ಲಿ ಕೂತು ಕಾಲಿನಿಂದ ಬಾರಿಸುವುದು. ಅವನು ಮುಂದೆ ಕೂತು ಕಾಲು ಆಡಿಸುವುದು.

"ರೆಕಾರ್ಡ್ ಹಾಕಬಹುದಲ್ಲ ಸರ್?" ಎಂದಳು ವೈಜಯಂತಿ.

ಜೇಟಿಗೆ ನಿಜವಾಗಿ ಸಿಟ್ಟು ಬಂತು. "ಏನಮ್ಮ ಹಂಗಂತೀಯ? ಮೂವತ್ತು ವರ್ಷದಲ್ಲಿ ಕರಿಬಂಡೆ ವೇದಿಕೆ ಮೇಲೆ ಒಂದ್ಸಲನೂ ರೆಕಾರ್ಡ್ ಹಾಕಿಲ್ಲ. ಜನಕ್ಕೆ ಮೋಸ ಮಾಡಲ್ಲ ನಾವು. ಮನುಷ್ಯರೇ ನುಡಿಸಬೇಕು."

ಅವನು ಅದನ್ನು ನಂಬಿ ಹೇಳುತ್ತಿದ್ದ. ಹೊರಗಿನ ಡ್ರಮ್ಮರನ್ನು ಜೊತೆಗೆ ಸುತ್ತಿಸಿದರೆ ಜನ ಯಾರಿವನೆಂದು ಕೇಳುತ್ತಾರೆ. ಓಪನಿಂಗ್ ಬ್ಯಾಂಡಿನವಳು ಪೆಡಲ್ ಹಿಡಿದು ಓಡಾಡಿದರೆ ಯಾರು ಕೇಳುತ್ತಾರೆ? ನಲವತ್ತು ಬ್ಯಾಂಡುಗಳಲ್ಲಿ ಅವರು ಹುಡುಕಿದ್ದು ಒಂದು ಜೊತೆ ಕಾಲು.

"ನಿನ್ನ ಸ್ನೇಹಿತೆಯರಿಗೂ ಹೇಳಬಾರದು. ಬೆಂಗಳೂರಿನ ಕೊನೇ ಕಾರ್ಯಕ್ರಮ ಆಲ್ಬಮ್ಮಿಗೆ ರೆಕಾರ್ಡ್ ಆಗುತ್ತೆ. ನಿಮ್ಮ ಹಾಡೂ ಅದರಲ್ಲಿ ಬರುತ್ತೆ. ಮಾತು ಕೊಡ್ತೀನಿ."

ಅವಳ ಹೆಬ್ಬೆರಳು ನನ್ನ ಅಂಚನ್ನು ತುಂಬ ಹೊತ್ತು ಒತ್ತಿಕೊಂಡಿತ್ತು. ಆಮೇಲೆ "ಆತ್ರಿ" ಎಂದಳು.

ಮಂಗಳೂರು, ಮೈಸೂರು, ಪುಣೆ, ಬೆಳಗಾವಿ. ಅರ್ಧ ಗಂಟೆ ಬೆಳಕಿನಲ್ಲಿ ಗರಗಸಕ್ಕೆ, ಒಂದೂವರೆ ಗಂಟೆ ಕತ್ತಲೆಯಲ್ಲಿ ಕರಿಬಂಡೆಗೆ. ಬಟ್ಟೆಯ ಆ ಕಡೆ ಸಾವಿರಾರು ಜನ ಚಂದ್ರಹಾಸನ ಹೆಸರು ಕೂಗುತ್ತಿದ್ದರು. ಈ ಕಡೆ ಅವಳ ಬೆವರು ಮೊಣಕಾಲಿನಿಂದ ಇಳಿದು ನನ್ನ ಮೇಲೆ ಹನಿಯುತ್ತಿತ್ತು. ಆ ಕೂಗು ತನ್ನದೇ ಎಂದು ಅವಳಿಗೆ ಅನ್ನಿಸುತ್ತಿತ್ತೇನೋ, ಕೂಗು ಏರಿದಾಗ ಪಾದ ಇನ್ನೂ ಹಗುರಾಗುತ್ತಿತ್ತು. ನನಗೆ ಅದೇ ಭಯ ಹುಟ್ಟಿಸಿತು.

ಕಾರ್ಯಕ್ರಮದ ಹೊತ್ತಿನಲ್ಲಿ ಅವಳು ಕಾಣೆಯಾಗುವುದನ್ನು ಮೆಹರು ಗಮನಿಸಿದಳು.

"ಎಲ್ಲಿ ಹೋಗ್ತಿ ದಿನಾ?"

"ಚಂದ್ರಹಾಸ್ ಸರ್ ಹಿಂದ ಕೂತು ಕಲೀತೀನಿ."

"ಆ ಮುದುಕನ ಕಡೆ ಎಂಥಾ ಪಾಠ ಬೇ? ಮುಗಿಯೋದ ಇಲ್ಲಲ್ಲ!" ಗ್ಲೋರಿಯಾ ಕಿಸಕ್ಕನೆ ನಕ್ಕಳು. ವೈಜಯಂತಿಯೂ ನಕ್ಕಳು. ಗದಗಿನ ಮನೆಯಿಂದ ಬಂದವಳ ಬಗ್ಗೆ ಊರಲ್ಲಿ ಇಂಥ ಮಾತು ಹೊಸದೇನಲ್ಲ. ಗೆಳತಿಯ ಬಾಯಲ್ಲಿ ಬಂದದ್ದು ಮಾತ್ರ ಅಂದೇ ಮೊದಲು.

ಬೆಳಗಾವಿಯಲ್ಲಿ ಚಂದ್ರಹಾಸ್ ಮರೆಗೆ ಬಂದು ಕಾಲುಚೀಲ ಕಳಚಿದ. ಪಾದದ ಬದಿಯಲ್ಲಿ ಅಂಗೈಯಗಲ ಸುಟ್ಟ ಗಾಯ. "ಬೈಕಿನ ಸೈಲೆನ್ಸರ್ ತಾಗಿದ್ದು ಕಣಮ್ಮ. ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಯ್ತು." ಕಾಲುಚೀಲ ಮತ್ತೆ ಏರಿಸುತ್ತ ಹೇಳಿದ: "ಬೇರೆ ಕೆಲಸ ಬರಲ್ಲ ನಂಗೆ. ಬೆಂಗಳೂರು ಒಂದು ಮುಗಿಸಿಕೊಡು." ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಂದ ಆಗಲಿಲ್ಲ. ನನ್ನಿಂದಲೂ.

ಬೆಂಗಳೂರಿನಲ್ಲಿ ಜನರೇಟರ್ ಕೆಟ್ಟು ಕಾರ್ಯಕ್ರಮ ಒಂದು ಗಂಟೆ ತಡವಾಯಿತು. ಪೊಲೀಸರ ಅನುಮತಿ ರಾತ್ರಿ ಹತ್ತಕ್ಕೆ ಮುಗಿಯುತ್ತಿತ್ತು. ಕರಿಬಂಡೆ ತನ್ನ ಒಂದು ಹಾಡನ್ನೂ ಬಿಡಲೊಪ್ಪಲಿಲ್ಲ.

"ಓಪನಿಂಗ್ ಇಲ್ಲ ಇವತ್ತು" ಎಂದ ಜೇಟಿ. ಮೆಹರು ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಲ್ಲಿ ನಿಂತಿದ್ದಳು. ಕೇಳಿಸದವಳಂತೆ ಹಾಗೇ ನಿಂತೇ ಇದ್ದಳು.

ವೈಜಯಂತಿ ಅವನನ್ನು ಮರೆಗೆ ಕರೆದಳು. "ಮಾತು ಕೊಟ್ಟಿದ್ರಿ. ನಮ್ಮ ಹಾಡಿಲ್ಲಂದ್ರ ನಾನೂ ಕೂಡೂದಿಲ್ಲ."

"ಸರಿ. ನಿಮ್ಮನ್ನ ಯಾಕೆ ಆರಿಸಿದ್ವಿ ಅಂತ ಆ ಇಬ್ಬರಿಗೆ ಈಗಲೇ ಹೇಳ್ತೀನಿ. ಹೇಳ್ಲಾ?"

ಅವಳು ನನ್ನನ್ನು ಎತ್ತಿಕೊಂಡು ಕರಿಬಟ್ಟೆಯ ಹಿಂದೆ ಹೋದಳು. ಅವಳ ಪಾದಗಳು ಅಂದು ತಣ್ಣಗಿದ್ದವು. ಆದರೂ ಎಂದಿಗಿಂತ ಚೆನ್ನಾಗಿ ಬಾರಿಸಿದಳು.

ಆರನೇ ಹಾಡು. ಅದರ ನಡುವೆ ಗಿಟಾರುಗಳೆಲ್ಲ ನಿಂತು, ಒಂದು ನಿಮಿಷ ಈ ಡ್ರಮ್ಮಿನ ಏಟು ಮಾತ್ರ ಇರುತ್ತದೆ. ಆಗ ಬಟ್ಟೆ ಸರಿಯಿತು. ವೈಜಯಂತಿಯನ್ನು ಹುಡುಕಿಕೊಂಡು ಬಂದಿದ್ದಳು ಮೆಹರು. ಸಮಾಧಾನ ಮಾಡಲು ಬಂದಿದ್ದಳೋ, ಜಗಳವಾಡಲೋ ತಿಳಿಯದು. ಕೈಯಲ್ಲಿ ಎರಡು ಲೋಟ ಚಹಾ ಇತ್ತು. ಅವಳು ರಬ್ಬರ್ ದಿಂಬನ್ನು ನೋಡಿದಳು, ವೈರನ್ನು ನೋಡಿದಳು, ಪಾದಗಳನ್ನು ನೋಡಿದಳು. ಹೊರಗೆ ಜನ "ಚಂದ್ರಹಾಸ್! ಚಂದ್ರಹಾಸ್!" ಎನ್ನುತ್ತಿದ್ದರು. ಆ ಒಂದು ನಿಮಿಷ ಪೂರ್ತಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ವೈಜಯಂತಿಯ ಕಾಲು ಒಂದೇ ಒಂದು ಏಟು ತಪ್ಪಲಿಲ್ಲ.

ತಪ್ಪಬೇಕಿತ್ತು. ತಪ್ಪಿದ್ದರೆ ಗೆಳತಿ ಒಳಗೆ ಬರುತ್ತಿದ್ದಳು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಮೆಹರು ಒಂದು ಲೋಟವನ್ನು ನನ್ನ ಪಕ್ಕದಲ್ಲಿ ನೆಲಕ್ಕಿಟ್ಟು, ಬಟ್ಟೆ ಇಳಿಬಿಟ್ಟು ಹೋದಳು.

ಹುಬ್ಬಳ್ಳಿಯ ರೈಲಿನಲ್ಲಿ ನನ್ನನ್ನು ಸೀಟಿನ ಕೆಳಗೆ ಇಟ್ಟಿದ್ದರು. ಮೂರು ಜೊತೆ ಕಾಲುಗಳು ಅಲುಗದೆ ಕೂತಿದ್ದವು. ಹಾವೇರಿ ದಾಟಿದ ಮೇಲೆ ಮೆಹರು ಕೇಳಿದಳು:

"ಹಾಡು ಹಿಡಿಸ್ತು ಅಂದ್ರು ಅಂತ ಹೇಳಿದ್ದಿ."

"ಹೂಂ."

"ಅವರಾಗ ಒಬ್ಬರಾದ್ರೂ ಕೇಳಿದ್ರೇನ ಅದನ್ನ?"

ವೈಜಯಂತಿಯ ಪಾದಗಳು ಸೀಟಿನ ಕೆಳಗೆ ಸರಿದು ನನ್ನ ಪಕ್ಕಕ್ಕೆ ಬಂದವು. ಗ್ಲೋರಿಯಾ ಅಳುತ್ತಿದ್ದಳು. ಸ್ಟೇಷನ್ನಿನಲ್ಲಿ ಅವರಿಬ್ಬರೂ ಮೊದಲು ಇಳಿದು ಹೋದರು. ಮೆಹರುವಿನ ಚಪ್ಪಲಿಯನ್ನು ನಾನು ಆಮೇಲೆ ನೋಡಲಿಲ್ಲ.

ಈಗ ನಾನು ಹುಬ್ಬಳ್ಳಿಯ ದಾಜಿಬಾನ್ ಪೇಟೆಯ ಒಂದು ವಾದ್ಯದ ಅಂಗಡಿಯಲ್ಲಿ, ಮುರಿದ ಹಾರ್ಮೋನಿಯಂಗಳ ನಡುವೆ ಇದ್ದೇನೆ. ಸರಪಳಿಗೆ ತುಕ್ಕು ಹಿಡಿದಿದೆ. ನನ್ನನ್ನು ತಂದು ಬಿಟ್ಟವಳು ಅವಳೇ. ಅಂಗಡಿಗೆ ತಬಲಾ, ಡೋಲುಗಳ ರೆಕ್ಸಿನ್ ಚೀಲಗಳನ್ನು ಹೊಲಿದು ಕೊಡಲು ತಿಂಗಳಿಗೊಮ್ಮೆ ಬರುತ್ತಾಳೆ. ನನ್ನತ್ತ ನೋಡುವುದಿಲ್ಲ. ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿದ್ದಾಳಂತೆ. ಮನುಷ್ಯರು ಬಾಯಿಂದ ಸುಳ್ಳು ಹೇಳುವುದನ್ನು ಬಹಳ ಕೇಳಿದ್ದೇನೆ. ಕಾಲಿನಿಂದ ಸುಳ್ಳು ಹೇಳಲಾಗದು ಎಂದುಕೊಂಡಿದ್ದೆ. ಕಾಲಿನ ಸುಳ್ಳಿಗೂ ನಾನೇ ಸಾಧನವಾದೆ.

ಮೊನ್ನೆ ಅವಳು ಬಂದಾಗ ಅಂಗಡಿಯ ಬಸೆಟ್ಟೆಪ್ಪನವರು ಕರಿಬಂಡೆಯ ಹೊಸ ಆಲ್ಬಮ್ ಹಾಕಿದ್ದರು. ಬೆಂಗಳೂರಿನ ಆ ಕಾರ್ಯಕ್ರಮ.

"ಕೇಳವಾ ವೈಜಯಂತಿ, ಈಗ ಬರ್ತೈತಿ ನೋಡು. ಐವತ್ತೆಂಟು ವಯಸ್ಸಂತ ಆ ಡ್ರಮ್ಮರ್ ಮನಿಷ್ಯಾಗ. ಏನ್ ಕಾಲು ಅದಾವ!"

"ಹೌದ್ರಿ. ಚಲೋ ಅದಾವ."

ಗಿಟಾರುಗಳು ನಿಂತವು. ಆರನೇ ಹಾಡಿನ ಆ ಒಂದು ನಿಮಿಷ ಶುರುವಾಯಿತು. ನಾನು ಕೆಳಗಿನಿಂದ ನೋಡುತ್ತಿದ್ದೆ. ಚಪ್ಪಲಿಯೊಳಗೆ ಅವಳ ಬಲಗಾಲಿನ ಹಿಮ್ಮಡಿ ತಾನಾಗಿ ಎದ್ದಿತು, ಬಿತ್ತು, ಎದ್ದಿತು. ಅವಳು ಎಡಗಾಲನ್ನು ಅದರ ಮೇಲಿಟ್ಟು, ಆ ನಿಮಿಷ ಮುಗಿಯುವವರೆಗೂ ಅದುಮಿ ಹಿಡಿದಳು.