ಮೂರು ಹಲ್ಲಿನ ಹೂವು

ಹಳದಿ, ನಡುವೆ ಹಳದಿ, ಸುತ್ತ ಐದು ಹಾಲುಬಿಳಿ ಎಸಳು — ಮಾತು ಕಲಿಸುವ ಹುಡುಗಿ ಆ ಹೂವನ್ನು ಕಿಟಕಿ ಪಕ್ಕದ ಹಾಸಿಗೆಯಲ್ಲಿ ಕೂತವಳ ಮೂಗಿನ ಹತ್ತಿರ ಹಿಡಿದು ಇದೇನು ಹೇಳಿ ಮೇಡಂ ಅನ್ನುತ್ತಿದ್ದಾಳೆ, ಎಳೆಮಗುವನ್ನು ಕೇಳಿದ ಹಾಗೆ, ಇಷ್ಟು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿದವಳನ್ನು, ಇರಲಿ, ಹುಡುಗಿಯ ಕೆಲಸ ಹುಡುಗಿಯದು. ಕಿಟಕಿಗೆ ಒರಗಿದ ತಮ್ಮ, ಆಸ್ಪತ್ರೆ ಹಿಂದೆ ಸ್ಕೂಟರ್ ನಿಲ್ಲಿಸೋ ಕಡೆ ಕಿತ್ತು ತಂದವನು ಅವನೇ, ಅಕ್ಕ, ನಿಂಗೆ ಗೊತ್ತಿರೋದೇ, ಸುಮ್ನೆ ಹೇಳಿಬಿಡು, ಅನ್ನುತ್ತಾನೆ. ಸುಮ್ನೆಯಂತೆ. ಗೊತ್ತಿಲ್ಲದೆ ಏನು, ಗಿಡದ ಶಾಸ್ತ್ರೀಯ ಹೆಸರು ಟ್ರೈಡ್ಯಾಕ್ಸ್, ತಲೆಯೊಳಗೆ ಗಂಟೆ ಹೊಡೆದಷ್ಟು ಸ್ಪಷ್ಟ, ಒರಟು ರೋಮದ ಕಾಂಡ, ನೆಲಕ್ಕಂಟಿ ಹರಿಯುವ ಮೈ, ಹೂವಿನ ತೊಟ್ಟು ಮಾತ್ರ ಉದ್ದಕ್ಕೆ ಮೇಲೆ — ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಜಾತಿ, ಕ್ಲಾಸಿನಲ್ಲಿ ಹಾಗಂದಾಗ ಹಿಂದಿನ ಬೆಂಚಿನವರೂ ನಗುತ್ತಿದ್ದರು, ಇದು ಒಂದು ಹೂವಲ್ಲ ಕಣ್ರೋ, ಪುಟ್ಟ ಪುಟ್ಟ ಹೂಗಳ ಒಟ್ಟು ಸಂಸಾರ, ಹುಟ್ಟೂರು ಮಧ್ಯ ಅಮೆರಿಕ, ಕರೆಯದೆ ಬಂದು ಬೆಚ್ಚನೆ ದೇಶಗಳಲ್ಲೆಲ್ಲ ಠಿಕಾಣಿ ಹೂಡಿದೆ, ಹೊಲದಲ್ಲಿ, ರಸ್ತೆ ಬದಿ, ಗೋಡೆ ಬಿರುಕಲ್ಲಿ, ಎಸಳಿನ ತುದಿ ನೋಡಿ, ಮೂರು — ಹಲ್ಲು, ಅಂದಿತು ಬಾಯಿ.

ಅಲ್ಲ ಮೇಡಂ, ಹಲ್ಲು ಬಾಯಲ್ಲಿರುತ್ತೆ, ಇದು ಹೂವು. ಅಯ್ಯೋ ತಾಯಿ, ಗುರುತು ಹಿಡಿಯೋದೇ ಆ ಹಲ್ಲಿನಿಂದ, ಎಸಳಿಗೆ ಮೂರು. ಬಾಯಿಗೆ ಬಂದದ್ದು ಮಾತ್ರ ಮತ್ತೆ ಹಲ್ಲು, ಮತ್ತೆ ಹಲ್ಲು, ಲಕ್ವ ಹೊಡೆದ ಮೇಲೆ ನಾಲಿಗೆ ತನ್ನದಲ್ಲ, ಬಾಡಿಗೆಗೆ ಬಂದದ್ದು. ತಮ್ಮ ನೆಲ ನೋಡುತ್ತಿದ್ದಾನೆ, ಬರುವ ವಾರ ಪ್ರಿನ್ಸಿಪಾಲರಿಗೆ ಏನು ಹೇಳುತ್ತಾನೆ, ಅಕ್ಕ ಇನ್ನು ಪಾಠಕ್ಕೆ ಬರಲ್ಲ ಅಂತಲೇ. ಬರಲ್ಲವೆ? ಎಡಗೈ ಚಾಚಿ ಅವನ ಮುಷ್ಟಿಯಲ್ಲಿದ್ದ ಗೊಂಚಲಿಂದ ಒಣಗಿದ ಹೂತಲೆಯೊಂದನ್ನು ಕಿತ್ತುಕೊಂಡಳು, ಗುಂಡಗೆ, ಬೂದಿ ಬಣ್ಣ, ಬೀಜಬೀಜಕ್ಕೂ ಬಿಳಿ ಕುಂಚ, ತುಟಿ ಒಂದು ಕಡೆ ಜಾರಿತು, ಮತ್ತೆ ಕೂಡಿಸಿದಳು, ಊದಿದಳು — ಬೀಜಗಳು ಎದ್ದವು. ಊದಿದ್ರಿ ಮೇಡಂ! ಮೇಣದಬತ್ತಿ ಹಚ್ಚಿಟ್ಟು ಊದಿ ಆರಿಸಿ ಅಂತ ಎಷ್ಟು ಗೋಗರೆದಿದ್ದೆ, ಊದಿದ್ರಿ! ಹುಡುಗಿ ಚಪ್ಪಾಳೆ ಹೊಡೆಯುತ್ತಿದ್ದಾಳೆ, ಊದಿದ್ದಲ್ಲ ಮಗಳೇ, ಪಾಠ ಮಾಡಿದ್ದು, ಇದು ದೇಶ ದೇಶ ಅಲೆದದ್ದು ಹೇಗೆ ಅಂತ. ತಮ್ಮ ತಲೆ ಎತ್ತಿದ, ಹೀಗೇ ಅಲ್ವಾ ಅಕ್ಕ, ಗಾಳೀಲಿ, ಅಂದ, ಅವನ ಒದ್ದೆ ರೆಪ್ಪೆಯ ಮೇಲೆ ಒಂದು ಬೀಜ ಕೂತಿದೆ, ಬಡಿದರೆ ಬೀಳುತ್ತೆ, ಅವನು ಬಡಿಯುತ್ತಿಲ್ಲ, ಬಿಳಿ ಕುಂಚ, ರೆಪ್ಪೆಯ ಮೇಲೆ, ಒಂದು ಬೀಜ, ರೆಪ್ಪೆಯ ಮೇಲೆ —