ಹಸಿರು ಟಿಕ್ಕು

ಒಂದು ಟಿಕ್ಕಿಗೆ ಮೂವತ್ತೆಂಟು ರೂಪಾಯಿ. ಜನ ತಾವಾಗಿಯೇ ಹಾಕಲಿ ಎಂದು ಬಿಟ್ಟರೆ ನೂರರಲ್ಲಿ ಮೂವರು ಹಾಕುತ್ತಾರೆ. ಮೊದಲೇ ಹಾಕಿಟ್ಟು, ಬೇಡದವರು ತೆಗೆಯಲಿ ಎಂದರೆ ಅರವತ್ತೆರಡು ಜನ ತೆಗೆಯುವುದಿಲ್ಲ. ಟಿಕ್ಕಿನ ಬಣ್ಣವನ್ನು ನೀಲಿಯಿಂದ ಹಸಿರಿಗೆ ಬದಲಿಸಿದ ತಿಂಗಳು ಅರವತ್ತೆರಡು ಎಪ್ಪತ್ತೊಂದಾಗಿತ್ತು. ವಿಮಾನ ನಗರದ ಆಫೀಸಿನ ನಾಲ್ಕನೆಯ ಮಹಡಿಯಲ್ಲಿ, ಪರದೆ ಎಳೆದ ಕೋಣೆಯೊಳಗೆ, ತಂಡದ ಮುಖ್ಯಸ್ಥ ಅಶ್ವಿನ್ ಈ ಲೆಕ್ಕವನ್ನು ಗೋಡೆಯ ಮೇಲೆ ತೋರಿಸುತ್ತಿದ್ದ.

"ಒಂಬತ್ತು ಪರ್ಸೆಂಟ್, ಬರೀ ಕಲರ್ ಚೇಂಜ್‌ಗೆ. ಇದು ಸಿಂಧು ಐಡಿಯಾ. ಎಲ್ಲರೂ ಒಂದ್ಸಲ ಚಪ್ಪಾಳೆ ತಟ್ರಪ್ಪಾ."

ತಟ್ಟಿದರು. ಸಿಂಧು ನಕ್ಕು ತಲೆ ತಗ್ಗಿಸಿದಳು. ಅವರ ಕಂಪನಿ ಮಾಡುವುದು ಕಾಗದಪತ್ರಗಳನ್ನು ತೆರೆದು ಓದುವ ಒಂದು ತಂತ್ರಾಂಶ. ಗುರುತು, ನೀಲಿ ಗಿಳಿ. ಗಿಳಿ ಪುಕ್ಕಟೆ. ಆದರೆ ತಿಂಗಳಿಗೊಮ್ಮೆ ಅದನ್ನು ಹೊಸದಾಗಿಸಿಕೊಳ್ಳಿ ಎಂದು ಕಂಪ್ಯೂಟರಿನಲ್ಲಿ ಒಂದು ಚೌಕ ಮೂಡುತ್ತದೆ. ಆ ಚೌಕದ ಕೆಳಗೆ, ಯಾರೂ ಕೇಳದಿದ್ದ ಇನ್ನೊಂದು ಕಂಪನಿಯ ತಂತ್ರಾಂಶವೂ ನಿಂತಿರುತ್ತದೆ. ಅದರ ಹೆಸರು ಝಟ್‌ಸಾಫ್. ಕಂಪ್ಯೂಟರಿನ ಕಸ ಗುಡಿಸುವುದು ಅದರ ಕಸುಬು. ಅದನ್ನು ಒಳಗೆ ಬಿಟ್ಟುಕೊಂಡ ಪ್ರತಿ ಮನೆಗೂ ಗಿಳಿಯವರಿಗೆ ಮೂವತ್ತೆಂಟು ರೂಪಾಯಿ. ಈ ಏರ್ಪಾಟಿಗೆ ಆಫೀಸಿನಲ್ಲಿ 'ಕೊಡುಗೆ' ಎನ್ನುತ್ತಿದ್ದರು. ಹಿಂದಿನ ಬಾಗಿಲಿನಿಂದ ನುಗ್ಗಿದವನನ್ನು ನೆಂಟ ಎಂದು ಕರೆದ ಹಾಗೆ.

"ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ?" ಹೊಸದಾಗಿ ಸೇರಿದ್ದ ಒಬ್ಬಳು ಕೇಳಿದಳು.

"ಆಪ್ಷನಲ್ ಅಂತ ಬರೆದಿದ್ದೀವಲ್ಲ," ಅಶ್ವಿನ್ ಹೇಳಿದ. "ಗ್ರೇ ಕಲರ್‌ನಲ್ಲಿ. ಓದದೇ ಇರೋದು ಅವರ ಪ್ರಾಬ್ಲಮ್."

ಆ ಬೂದು ಬಣ್ಣದ ಸಾಲನ್ನು ಬರೆದವಳೂ ಸಿಂಧುವೇ.

ಅವಳು ಖಡಕಿಯ ತನ್ನ ವಠಾರಕ್ಕೆ ಬಂದಾಗ ಇನ್ನೂ ಬೆಳಕಿತ್ತು. ಪಕ್ಕದ ಖೋಲಿಯ ಈರಬಸಪ್ಪ ಹೊಸ್ತಿಲ ಮೇಲೆ ಚಪ್ಪಲಿ ಕಳಚದೆ ಕುಳಿತಿದ್ದ. ಅಂಗಡಿಯಿಂದ ರಾತ್ರಿ ಒಂಬತ್ತಕ್ಕೆ ಮುಂಚೆ ಬಂದವನಲ್ಲ. ಮೂರು ವರ್ಷದಿಂದ ಭಾನುವಾರದ ಜೋಳದ ರೊಟ್ಟಿಯನ್ನು ಅವಳು ಅದೇ ಮನೆಯಲ್ಲಿ ತಿನ್ನುತ್ತಿದ್ದಳು. ಅವನನ್ನು ಹೀಗೆ ಕಂಡಿದ್ದಿಲ್ಲ.

"ಯವ್ವಾ, ಬಾ, ಒಂದೀಟು ಕುಂದ್ರು," ಒಳಗಿನಿಂದ ಅವನ ಹೆಂಡತಿ ರುದ್ರವ್ವ ಬಂದಳು. "ಇವರಿಗೆ ಅಂಗಡ್ಯಾಗ ಸೋಮವಾರದಿಂದ ಬರಬ್ಯಾಡ್ರಿ ಅಂದಾರಂತ. ಮುಂಜಾನಿಂದ ನೀರೂ ಮುಟ್ಟಿಲ್ಲ."

"ಯಾಕೆ ಅಂಕಲ್, ಏನಾಯ್ತು?"

"ಹಳೇ ಡಿಸೈನ್ ಎಲ್ಲಾ ಹೋಗ್ಯಾವವ್ವಾ," ಈರಬಸಪ್ಪ ಹೇಳಿದ. "ಆರುನೂರಾ ನಲವತ್ತು. ನಾ ಎಲ್ಲಿಂದಲೋ ವೈರಸ್ ತಂದು ಹಾಕೀನಂತ."

ಖಡಕಿ ಬಜಾರಿನ ಆ ಅಂಗಡಿಯಲ್ಲಿ ಸಮವಸ್ತ್ರ, ಟೋಪಿ, ಬೆಲ್ಟು ಮಾರುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಬಟ್ಟೆಯ ಬಿಲ್ಲೆಗಳನ್ನು ಹೊಲಿಯುತ್ತಿದ್ದರು. ಶಾಲೆಗಳ ಬಿಲ್ಲೆ, ಬ್ಯಾಂಡಿನವರ ಬಿಲ್ಲೆ, ನಿವೃತ್ತ ಸೈನಿಕರ ಸಂಘಗಳ ಬಿಲ್ಲೆ. ಒಂದೊಂದರ ನಕಾಶೆಯೂ ಕಂಪ್ಯೂಟರಿನಲ್ಲಿತ್ತು. ಅಲ್ಲಿಂದ ಹೋದರೆ ಮಾತ್ರ ಕಸೂತಿ ಯಂತ್ರ ಹೊಲಿಯುತ್ತಿತ್ತು. ವರ್ಷವರ್ಷಗಳಿಂದ ಕೂಡಿಟ್ಟ ಆ ಆರುನೂರ ನಲವತ್ತು ಹಳೆಯ ನಕಾಶೆಗಳೇ ಅಂಗಡಿಯ ಆಸ್ತಿ.

"ನೀವು ಏನು ಒತ್ತಿದ್ರಿ ಅಂತ ನೆನಪಿದೆಯಾ?"

"ನೆನಪಿಲ್ದ ಏನು? ಪರದೇ ಮ್ಯಾಲ ಒಂದು ಡಬ್ಬಿ ಬಂತು. ಹಸರು ಟಿಕ್ ಆಗಲೇ ಬಿದ್ದಿತ್ತು. ಸಾವಕಾರ್ರು ಹಾಕಿ ಹೋಗ್ಯಾರ ಅಂದ್ಕೊಂಡೆ, ಮುಂದ ಒತ್ತಿದೆ."

ಇದನ್ನು ಬೇರೆಯವರು ಕೇಳಿದ್ದರೆ ನಗುತ್ತಿದ್ದರು. ಆದರೆ ಆ ಅಂಗಡಿಯ ರಿವಾಜೇ ಹಾಗಿತ್ತು. ದಾರದ ಖರೀದಿಯಿರಲಿ, ದರದ ರಿಯಾಯಿತಿಯಿರಲಿ, ಹೊಲಿಯುವವನ ರಜೆಯಿರಲಿ, ಚೀಟಿಯ ಮೇಲೆ ಮಾಲೀಕ ಭುಜಂಗ ಸಾವಕಾರರು ಹಸಿರು ಪೆನ್ನಿನಿಂದ ಟಿಕ್ ಹಾಕಬೇಕು. ಟಿಕ್ ಬಿದ್ದದ್ದನ್ನು ಮಾಡಿ ಮುಗಿಸಬೇಕು, ಬೀಳದ್ದನ್ನು ಮುಟ್ಟಬಾರದು. ಹಸಿರು ಪೆನ್ನು ಅವರ ಕಿಸೆಯಲ್ಲಿ ಬಿಟ್ಟರೆ ಆ ಅಂಗಡಿಯಲ್ಲಿ ಇನ್ನೆಲ್ಲೂ ಇರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಈರಬಸಪ್ಪ ಟಿಕ್ ಬಿದ್ದ ಚೀಟಿಯೊಂದನ್ನು ಹಿಡಿದು, "ಇದು ಮಾಡಲೇನ್ರಿ?" ಎಂದು ಕೇಳಿ ಬೈಸಿಕೊಂಡಿದ್ದ. ಆಮೇಲೆ ಇಪ್ಪತ್ತೊಂಬತ್ತು ವರ್ಷ ಕೇಳಿರಲಿಲ್ಲ. ಈಗ ಸಾವಕಾರರು ದಿನಾ ಬೆಳಿಗ್ಗೆ ಅರ್ಧ ಗಂಟೆ ಕಂಪ್ಯೂಟರಿನ ಮುಂದೆ ಕೂತು ಆರ್ಡರು ನೋಡುತ್ತಿದ್ದರು. ಅವರು ಎದ್ದುಹೋದ ಮೇಲೆ ಅಲ್ಲಿ ಹಸಿರು ಟಿಕ್ ಕಂಡರೆ ಅದು ಇನ್ನಾರದು?

ಸಿಂಧು ಅವನ ಪಕ್ಕದಲ್ಲೇ ಕುಳಿತಳು. "ಆ ಡಬ್ಬಿ ಮೂಲೇಲಿ ಏನಾದ್ರೂ ಚಿತ್ರ ಇತ್ತಾ ಅಂಕಲ್?"

"ಇತ್ತಲ್ಲ. ನೀಲಿ ಗಿಣಿ."

ರುದ್ರವ್ವ ಚಹಾ ತಂದಿಟ್ಟಳು. "ನಾಳೆ ಶನಿವಾರ, ನಿನಗ ಸೂಟಿ ಅದಲ್ಲ. ಒಂದು ತಾಸು ಬಂದು ಅವರಿಗೆ ತಿಳಿಸಿ ಹೇಳವ್ವಾ. ನೀ ಅದನ್ನ ಕಲತಾಕಿ. ಇವರು ಏನೂ ತಂದು ಹಾಕಿಲ್ಲ ಅಂತ ನೀ ಅಂದ್ರ ನಂಬ್ತಾರ. ಇನ್ನ ಎರಡು ವರ್ಷ ದುಡೀಬೇಕಂತ ಮಾಡ್ಯಾರ. ಐವತ್ತೆಂಟಕ್ಕ ಯಾರು ಕರೀತಾರ ಇವರನ್ನ?"

ಬರುತ್ತೇನೆ ಎಂದಳು ಸಿಂಧು. ತನ್ನ ಖೋಲಿಗೆ ಹೋಗಿ ಅಶ್ವಿನ್‌ಗೆ ಫೋನು ಮಾಡಿದಳು.

ಅವನು ಪೂರ್ತಿ ಕೇಳಿಸಿಕೊಂಡ. "ಪಾಪ ಅನ್ಸುತ್ತೆ ಕಣೇ. ಸಪೋರ್ಟ್‌ಗೆ ಒಂದು ಮೇಲ್ ಹಾಕಕ್ಕೆ ಹೇಳು, ನೋಡ್ತಾರೆ. ಆದ್ರೆ ನೀನು ನಮ್ ಕಂಪನಿ ಅಂತ ಅಲ್ಲಿ ಬಾಯಿ ಬಿಡ್ಬೇಡ. ಬರೆದಂತೂ ಏನೂ ಕೊಡ್ಬೇಡ. ಕೊಟ್ರೆ ನಿನ್ನ ಕೆಲಸ ನಾನು ಉಳಿಸೋಕಾಗಲ್ಲ."

"ಆ ಟಿಕ್ ತೆಗೆದುಬಿಟ್ರೆ ಆಗಲ್ವಾ ಅಶ್ವಿನ್?"

"ಎಪ್ಪತ್ತೊಂದು ಪರ್ಸೆಂಟ್ ಸಿಂಧು," ಅವನು ಮಗುವಿಗೆ ಹೇಳುವಂತೆ ಹೇಳಿದ. "ಎಪ್ಪತ್ತೊಂದು."

ಮರುದಿನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಸಾವಕಾರರು ಗಾದಿಯ ಕುರ್ಚಿಯಲ್ಲಿ, ಅವರ ಮಗ ಸ್ವಪ್ನಿಲ್ ಕಂಪ್ಯೂಟರಿನ ಎದುರು. ಈರಬಸಪ್ಪ ಒಳಗೆ ಬಂದವನು ತನ್ನ ಸ್ಟೂಲಿನ ಮೇಲೆ ಕೂರದೆ ಟೋಪಿಗಳ ಕಪಾಟಿಗೆ ಒರಗಿ ನಿಂತ. ಇಪ್ಪತ್ತೊಂಬತ್ತು ವರ್ಷ ಕೂತ ಸ್ಟೂಲು ಅದು.

ಸಿಂಧು ಝಟ್‌ಸಾಫನ್ನು ತೆರೆದಳು. ತಾನು ಮಾಡಿದ್ದನ್ನು ಅದು ಬಚ್ಚಿಟ್ಟಿರಲಿಲ್ಲ. ಬದಲು ಹಿಗ್ಗಿ ಹೇಳಿಕೊಂಡಿತ್ತು. ವರ್ಷದಿಂದ ಯಾರೂ ತೆರೆಯದ ಆರುನೂರ ನಲವತ್ತು ಅನಗತ್ಯ ಫೈಲುಗಳನ್ನು ತೆಗೆದುಹಾಕಿದ್ದೇವೆ, ಜಾಗವನ್ನು ಸಂಪೂರ್ಣ ಶುದ್ಧಗೊಳಿಸಿದ್ದೇವೆ, ಅಭಿನಂದನೆಗಳು. ಪಕ್ಕದಲ್ಲಿ ಒಂದು ಪೊರಕೆ ಕುಣಿಯುತ್ತಿತ್ತು. ನಕಲು ಇಟ್ಟಿದ್ದ ಪೆನ್‌ಡ್ರೈವ್ ಸದಾ ಅದೇ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುತ್ತಿತ್ತು. ಪೊರಕೆ ಅದನ್ನೂ ಗುಡಿಸಿತ್ತು. ಹಳೆಯ ಬಿಲ್ಲೆಗಳು ಐದು ವರ್ಷಕ್ಕೊಮ್ಮೆ ಬೇಕಾಗುತ್ತವೆ, ಬೇಕಾದಾಗ ಬೇಕೇಬೇಕಾಗುತ್ತವೆ ಎಂಬುದು ಪೊರಕೆಗೆ ಹೇಗೆ ಗೊತ್ತಾಗಬೇಕು? ಅದನ್ನು ಕಳಿಸಿದವರಿಗೆ ಗೊತ್ತಾಗುವ ಅಗತ್ಯವೂ ಇರಲಿಲ್ಲ.

"ಇದು ವೈರಸ್ ಅಲ್ಲ," ಅವಳು ಹೇಳಿದಳು. "ಯಾವುದೋ ಅಪ್‌ಡೇಟ್ ಜೊತೆ ಬಂದಿದೆ. ಅಂಕಲ್ ತಪ್ಪಿಲ್ಲ."

"ಅಪ್‌ಡೇಟ್ ಒತ್ತಿದವರು ಯಾರು? ಕಾಕಾನ ಅಲ್ಲೇನು?" ಸ್ವಪ್ನಿಲ್ ತಿರುಗಿ ಕೂತ. "ಮ್ಯಾಡಮ್, ನಾನೂ ನಿನ್ನೆ ಹುಡುಕಿ ನೋಡೀನಿ. ಕೆಳಗ ಸ್ವಚ್ಛ ಬರದಾರ, ಆಪ್ಷನಲ್ ಅಂತ. ಓದಬೇಕಿತ್ತಿಲ್ಲೋ? ಓದಲಾರದವರ ಕೈಯಾಗ ಕಂಪ್ಯೂಟರ್ ಕೊಟ್ಟು ನಾ ಎಷ್ಟು ದಿನಾ ಧಂದೆ ಮಾಡ್ಲಿ?"

ಸಿಂಧು ಈರಬಸಪ್ಪನ ಕಡೆ ನೋಡಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ. ಗಿರಾಕಿಯೊಬ್ಬ ಎಳೆದುಬಿಟ್ಟ ಬೆಲ್ಟುಗಳನ್ನು ಅಳತೆಯ ಪ್ರಕಾರ ಮತ್ತೆ ಸುತ್ತಿಡುತ್ತಿದ್ದ. ಹೇಳಬೇಕಾದ್ದನ್ನು ಅವಳು ಹೇಳಿಯಾಯಿತು, ಅದು ಸಾಲಲಿಲ್ಲ, ಆಯಿತು ಎಂಬಂತೆ.

"ಓದದೇ ಇರ್ಲಿ ಅಂತಾನೇ ಅದನ್ನ ಹಾಗೆ ಬರೆದಿರೋದು," ಎಂದಳು.

"ನಿಮಗ ಹೆಂಗ ಗೊತ್ತು?"

"ಬರೆದಿದ್ದು ನಾನು. ಆ ಗಿಳಿ ನಮ್ ಕಂಪನೀದು."

ಕಸೂತಿ ಯಂತ್ರ ತನ್ನ ಪಾಡಿಗೆ ತಾನು ಕುಟ್ಟುತ್ತಿತ್ತು. ಈರಬಸಪ್ಪನ ಕೈಯಲ್ಲಿದ್ದ ಬೆಲ್ಟು ಅರ್ಧ ಸುತ್ತಿದ್ದಲ್ಲೇ ನಿಂತಿತು. ಸಾವಕಾರರು ಕನ್ನಡಕ ತೆಗೆದು ಅವಳನ್ನು ನೋಡಿದರು.

"ಹಸರು ಯಾಕ ಹಾಕಿದಿ?"

"ಹಸಿರಿದ್ರೆ ಜನ ತೆಗೆಯಲ್ಲ. ಬೇರೆ ಬೇರೆ ಬಣ್ಣ ಹಾಕಿ ನೋಡಿ, ಯಾವುದಕ್ಕೆ ಜಾಸ್ತಿ ಬೀಳ್ತಾರೋ ಅದನ್ನ ಇಟ್ವಿ."

"ಬೀಳ್ತಾರ," ಸಾವಕಾರರು ಆ ಮಾತನ್ನು ನಾಲಿಗೆಯ ಮೇಲಿಟ್ಟು ನೋಡಿದರು. "ಈರಬಸಪ್ಪಾ, ಬಾ ಇಲ್ಲಿ. ಒಬ್ಬ ಹವಾಲ್ದಾರ ಬಂದು ನನ್ನ ಹತ್ರ ಒಂದು ಟೋಪಿ ತೊಗೊಂಡ ಅನ್ನು. ನಾ ಅವನ ಚೀಲದಾಗ ಸುಮ್ನ ಒಂದು ಕತ್ತರೀನೂ ಇಟ್ಟೆ. ಬ್ಯಾಡಾದ್ರ ತಗದಿಡು ಅಂತ ಚೀಟಿ ಬರದು, ಚೀಟೀನ ಚೀಲದ ತಳಕ್ಕ ಹಾಕಿದೆ. ಮನೀಗೆ ಹೋಗೂದ್ರಾಗ ಕತ್ತರಿ ಅವನ ಅಂಗಿ ಕತ್ತರಿಸ್ತು. ಅವ ನನಗ ಏನಂತಾನ?"

"ಕಳ್ಳ ಅಂತಾನ್ರಿ." ಬೆಳಿಗ್ಗೆಯಿಂದ ಈರಬಸಪ್ಪ ಆಡಿದ ಮೊದಲ ಮಾತು.

"ಕತ್ತರೀ ಅಂಗಡಿಯಂವ ಒಂದೊಂದು ಚೀಲಕ್ಕ ಇಷ್ಟು ಅಂತ ನನಗ ರೊಕ್ಕ ಕೊಟ್ಟಿದ್ರ?"

"ಆಗ ಇಬ್ಬರೂ ಕಳ್ಳರ್ರಿ."

"ಹಾಂ. ಇವರಿಗೆ ಏನಂತಾರ ಕೇಳು."

"ಇವರಿಗೆ ಇನ್ಸೆಂಟಿವ್ ಅಂತಾರ ಪಪ್ಪಾ," ಸ್ವಪ್ನಿಲ್ ಹೇಳಿದ. ಅವನ ದನಿಯಲ್ಲಿ ಮೊದಲಿನ ಬಿಸಿ ಇರಲಿಲ್ಲ.

ಆಫೀಸಿನ ಆ ಚಪ್ಪಾಳೆಗೆ ಸಿಂಧು ನಕ್ಕಿದ್ದಳೆಂಬುದನ್ನು ಇವರಿಗೆ ಯಾರೂ ಹೇಳಿರಲಿಲ್ಲ, ಆದರೂ ಹೇಳಿದಂತೆಯೇ ಇತ್ತು.

ಸಾವಕಾರರು ಅಂಗಡಿಯ ಹೆಸರಿದ್ದ ಕಾಗದದ ಪ್ಯಾಡನ್ನು ಅವಳ ಮುಂದೆ ದೂಡಿದರು. "ಈಗ ಹೇಳಿದ್ದನ್ನ ಬರದು ಸಹಿ ಮಾಡ್ತೀ ಏನು? ಬಾಯಿ ಮಾತು ಗಾಳಿಗೆ ಹೋಗ್ತದ. ಬರದ್ದು ಇದ್ರ ನಾ ನಿಮ್ಮ ಕಂಪನೀ ಕೇಳ್ತೀನಿ. ಇಲ್ಲಾಂದ್ರ ಜವಾಬು ಕೇಳಾಕ ನನಗ ಈ ಈರಬಸಪ್ಪ ಒಬ್ಬನ ಇದ್ದಾನ."

"ಬ್ಯಾಡ ಸಾವಕಾರ್ರ," ಈರಬಸಪ್ಪ ಮುಂದೆ ಬಂದ. "ಹುಡುಗೀ ನೌಕರಿ ಹೋಗ್ತದ. ಹೊರಗಿನ ಊರಿನ ಹುಡುಗಿ. ನಾ ಬಿಡ್ತೀನಿ, ಹೋಗ್ಲಿ ಅತ್ಲಾಗ."

"ನೀ ಸುಮ್ಕಿರು. ನಿನ್ನ ಕೇಳಿಲ್ಲ."

ಅವಳು ಬರೆದಳು. ಹನ್ನೊಂದು ಸಾಲು. ಚೌಕವನ್ನು ಯಾರು ಮಾಡಿದರು, ಸಾಲನ್ನು ಬೂದು ಬಣ್ಣಕ್ಕಿಟ್ಟದ್ದೇಕೆ, ಟಿಕ್ಕನ್ನು ಹಸಿರು ಮಾಡಿದ್ದೇಕೆ, ಎಷ್ಟು ಜನ ತೆಗೆಯುವುದಿಲ್ಲ, ಒಂದಕ್ಕೆ ಎಷ್ಟು ಸಿಗುತ್ತದೆ. ಆಫೀಸಿನಲ್ಲಿ ಮೂರು ವರ್ಷ ಬರೆದದ್ದರಲ್ಲಿ ಎಲ್ಲರೂ ಓದಬೇಕೆಂದು ಬರೆದದ್ದು ಇದೊಂದೇ. ಹೆಸರು, ಹುದ್ದೆ, ತಾರೀಕು ಹಾಕಿ ಸಹಿ ಮಾಡಿದಳು. ಸ್ವಪ್ನಿಲ್ ಎರಡು ಸಲ ಓದಿ, ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡ. ಆಮೇಲೆ, ಯಾರ ಮುಖವನ್ನೂ ನೋಡದೆ, "ಕಾಕಾ, ಕುಂದ್ರ್ರಿ," ಎಂದ.

ಸೋಮವಾರ ಸಾವಕಾರರು ಕಂಪನಿಗೆ ಪತ್ರ ಬರೆಸಿ, ಅವಳ ಹನ್ನೊಂದು ಸಾಲನ್ನೂ ಜೊತೆಗೆ ಕಳಿಸಿದರು. ಬುಧವಾರ ಆಫೀಸಿನಲ್ಲಿ ಅವಳನ್ನು ಕರೆದರು. ಕೋಣೆಯಲ್ಲಿ ಅಶ್ವಿನ್ ಮತ್ತು ಹೆಸರು ಹೇಳದ ಒಬ್ಬ ಹೆಂಗಸು ಇದ್ದರು. ಕಂಪನಿಯ ವಿಶ್ವಾಸ, ಗುಟ್ಟು, ಕರಾರು ಎಂಬ ಮಾತುಗಳು ಬಂದವು. ತಾವೇ ರಾಜೀನಾಮೆ ಕೊಟ್ಟರೆ ಎಲ್ಲರಿಗೂ ಮರ್ಯಾದೆ ಎಂದು ಆ ಹೆಂಗಸು ಹೇಳಿದಳು. ಮರ್ಯಾದೆ ಎಂಬ ಮಾತು ಆ ಕೋಣೆಯಲ್ಲಿ ಬಂದದ್ದು ಅದೇ ಮೊದಲು. ಕತ್ತಿನಲ್ಲಿದ್ದ ಗುರುತಿನ ಚೀಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ಅವಳು ಎದ್ದಳು.

"ಎಷ್ಟು ಸಿಲ್ಲಿಯಾಗಿ ಮಾಡ್ಕೊಂಡೆ ಸಿಂಧು," ಲಿಫ್ಟಿನ ಹತ್ತಿರ ಅಶ್ವಿನ್ ಹೇಳಿದ. "ಯಾವನೋ ಅಂಗಡಿ ಗುಮಾಸ್ತನಿಗೋಸ್ಕರ."

"ಅವರಿಗೆ ಹೆಸರಿದೆ," ಎಂದಳು. ಅವನು ಅದೇನೆಂದು ಕೇಳಲಿಲ್ಲ.

ಸಾವಕಾರರ ಪತ್ರಕ್ಕೆ ಮೂರು ವಾರದ ಮೇಲೆ ಉತ್ತರ ಬಂತು. ಬಳಕೆದಾರರ ಒಪ್ಪಿಗೆಯನ್ನು ಕ್ರಮಬದ್ಧವಾಗಿ ಪಡೆಯಲಾಗಿದೆ, ನಿಮ್ಮ ಅನುಭವ ನಮಗೆ ಅಮೂಲ್ಯ, ಸೌಹಾರ್ದದ ಕುರುಹಾಗಿ ಝಟ್‌ಸಾಫಿನ ಮೇಲ್ದರ್ಜೆಯ ಆವೃತ್ತಿಯನ್ನು ಒಂದು ವರ್ಷ ಉಚಿತವಾಗಿ ನೀಡುತ್ತಿದ್ದೇವೆ. ಸಾವಕಾರರು ಮಗನಿಂದ ಅದನ್ನು ಪೂರ್ತಿ ಓದಿಸಿ ಕೇಳಿದರು. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಹೊಲಿಗೆ ಮೇಜಿನ ಕಾಲಡಿ ಇಟ್ಟರು. ಮೇಜು ನಿಂತಿತು.

ನಕಾಶೆಗಳನ್ನು ಮತ್ತೆ ಬರೆಯಬೇಕಾದರೆ ಹಳೆಯ ಬಿಲ್ಲೆಗಳು ಬೇಕಿದ್ದವು. ಯಾವ ಬಿಲ್ಲೆ ಯಾರ ಮನೆಗೆ ಹೋಗಿದೆ ಎಂಬುದು ಈರಬಸಪ್ಪನ ತಲೆಯಲ್ಲಿತ್ತು. ಅದನ್ನು ಯಾವ ಪೊರಕೆಯೂ ಗುಡಿಸಿರಲಿಲ್ಲ. ಬೆಳಿಗ್ಗೆ ಅವನು ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಬೇಡಿ ತರುತ್ತಿದ್ದ, ಸಿಂಧು ಅಂಗಡಿಯಲ್ಲಿ ಕೂತು ಒಂದೊಂದನ್ನೇ ಕಂಪ್ಯೂಟರಿಗೆ ಏರಿಸುತ್ತಿದ್ದಳು. ಪಗಾರದ ಮಾತು ಅವಳೂ ಎತ್ತಲಿಲ್ಲ, ಸಾವಕಾರರೂ ಎತ್ತಲಿಲ್ಲ. ಮಧ್ಯಾಹ್ನದ ಬುತ್ತಿ ಮಾತ್ರ ರುದ್ರವ್ವ ಇಬ್ಬರದ್ದೂ ಕಟ್ಟುತ್ತಿದ್ದಳು. ಒಂದು ದಿನ ತೀರಿಹೋದ ಸುಬೇದಾರರೊಬ್ಬರ ಹೆಂಡತಿ ತಾವೇ ಬಂದರು. ಗಂಡನ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು, ಬ್ಲೇಡಿನ ತುದಿಯಿಂದ ಬಿಲ್ಲೆಯ ಸುತ್ತಲಿನ ಹೊಲಿಗೆಯನ್ನು ಒಂದೊಂದೇ ಎಳೆ ಬಿಚ್ಚಿದರು. ಬಿಲ್ಲೆ ಎದ್ದ ಜಾಗದಲ್ಲಿ ಕೋಟಿನ ಬಣ್ಣ ಹೊಸದರಂತೆ ಗಾಢವಾಗಿತ್ತು. ಆಕೆ ಅದರ ಮೇಲೆ ಬೆರಳಾಡಿಸುತ್ತ ಕುಳಿತಿದ್ದರು.

ಎರಡು ತಿಂಗಳಲ್ಲಿ ಇನ್ನೂರ ಹನ್ನೊಂದು ನಕಾಶೆ ಮರಳಿ ಬಂದವು. ಮಿಕ್ಕವು ಬರಲಿಲ್ಲ. ಈರಬಸಪ್ಪನ ಕೆಲಸ ಉಳಿಯಿತು, ಸಿಂಧುವಿನದು ಹೋಯಿತು.