ರುಚಿ ನೋಡಲು ಬಂದ ಸಾಂಬಾರು

ಆಸ್ಪತ್ರೆಯವರು ಕೊಟ್ಟ ಬಿಳಿ ಡಬ್ಬ ನಮ್ಮವರ ಮಂಚದ ಪಕ್ಕದಲ್ಲೇ ಇದೆ. ಅದಕ್ಕೆ ಒಂದೇ ಗುಂಡಿ. ಒತ್ತಿದರೆ ಶಾರದಾ ಸಿಸ್ಟರ್ ಮಾತಾಡುತ್ತಾರೆ. ಒತ್ತದಿದ್ದರೂ ದಿನಾ ಹನ್ನೊಂದಕ್ಕೆ ಅವರೇ ವಿಚಾರಿಸುತ್ತಾರೆ. ನಮ್ಮವರು ಅಂದರೆ ಹಿಂದಿ ಸೀಮೆಯ ಪೀತಮ್‌ಪುರದಲ್ಲಿ ಹೋಟೆಲ್ ಇಟ್ಟಿರುವ ಮೋನಪ್ಪ. ಹೃದಯ ಸೋತು ಮಲಗಿದ್ದರೂ ಉತ್ತರ ಮಾತ್ರ ಗಲ್ಲಾದಲ್ಲಿ ಕೂತು ಗಿರಾಕಿಗೆ ಹೇಳುವಂಥದ್ದೇ: ಸಬ್ ಠೀಕ್, ಎಲ್ಲ ಚೆನ್ನಾಗಿದೆ.

ಉಪ್ಪು ಮುಟ್ಟಲೇಬಾರದು ಎಂದಿದ್ದರು ಡಾಕ್ಟರು. ನಾನು ಉಪ್ಪಿನ ಡಬ್ಬಿಯನ್ನೇ ಅಟ್ಟಕ್ಕೆ ಹಾಕಿದೆ. ಆದರೆ ದಿನಾ ಹತ್ತೂವರೆಗೆ ಹೋಟೆಲಿನಿಂದ ಕ್ಯಾರಿಯರ್ ಬರುತ್ತದೆ. ಇವರು ರುಚಿ ನೋಡಿ ಹ್ಞೂಂ ಎನ್ನದೆ ಮಗ ಸುಕೇಶ ಮಧ್ಯಾಹ್ನದ ಸಾಂಬಾರು ಬಡಿಸಲು ಬಿಡುವುದಿಲ್ಲ. ಹೋಟೆಲ್ ಶುರುವಾದಾಗಿನಿಂದ ನಲವತ್ತು ವರ್ಷದ ಪದ್ಧತಿ. ಇತ್ತೀಚೆಗೆ ಇವರದು ಒಂದೇ ಮಾತು, ಉಪ್ಪು ಕಡಿಮೆ. ಒಂದು ಚಮಚ ಎರಡು ಬಟ್ಟಲಾಯಿತು. ಹೋಟೆಲಿನವರ ಮನೆಯಲ್ಲಿ ರುಚಿ ನೋಡುವುದನ್ನು ಊಟ ಅನ್ನುವುದಿಲ್ಲ. ಹಾಗಾಗಿ ಸಿಸ್ಟರ್ ಉಪ್ಪಿನ ಬಗ್ಗೆ ಕೇಳಿದಾಗಲೆಲ್ಲ ನಾನೂ ಇಲ್ಲವೆಂದೇ ಹೇಳಿದೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಇವತ್ತು ಬೆಳಿಗ್ಗೆ ಇವರ ಊದಿದ ಪಾದ ಒತ್ತಿದರೆ ನನ್ನ ಬೆರಳು ಹೂತುಹೋಯಿತು. ತೂಕ ಮೂರು ದಿನದಲ್ಲಿ ಎರಡೂವರೆ ಕಿಲೋ ಏರಿತ್ತು. ಕ್ಯಾರಿಯರ್ ಬಂದಾಗ ಚಮಚ ಎತ್ತಲೂ ಉಸಿರು ಸಾಲಲಿಲ್ಲ. ನಾನು ಗುಂಡಿಗೆ ಕೈ ಹಾಕಿದೆ. ಇವರು ಅದರ ಮೇಲೆ ಅಂಗೈ ಮುಚ್ಚಿದರು.

“ಸಾಂಬಾರಿನ ವಿಷಯ ಹೇಳ್ಬೇಡ. ನನಗೆ ಉಳಿದಿರೋ ಕೆಲಸ ಅದೊಂದೇ.”

ಆ ಕೈ ಸರಿಸಿ ಗುಂಡಿ ಒತ್ತುವಾಗ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಸ್ಟರ್ ಹೇಗಿದ್ದೀರಿ ಎಂದು ಕೇಳಿದರು. ಇವರು ‘ಸಬ್ ಠೀಕ್’ ಎನ್ನಲು ಹೋಗಿ ಅರ್ಧಕ್ಕೇ ಕೆಮ್ಮಿದರು. ನಾನು ಬಾಯಿಬಿಟ್ಟೆ: ದಿನಾ ಎರಡು ಬಟ್ಟಲು ಸಾಂಬಾರು, ಒಂದು ತಿಂಗಳಿಂದ. ಸಿಸ್ಟರ್ ತಡಮಾಡದೆ, ದಿಂಬು ಕೊಟ್ಟು ಎತ್ತರಕ್ಕೆ ಕೂರಿಸಿ, ಲೈನ್ ಕಟ್ ಮಾಡಬೇಡಿ, ಆಂಬುಲೆನ್ಸ್ ಕಳಿಸುತ್ತಿದ್ದೇನೆ ಎಂದರು.

ಇವರು ನನ್ನ ಮುಖ ನೋಡಲಿಲ್ಲ. ಸಿಸ್ಟರ್ ಹೇಳಿದಂತೆ ನಾನು ಇವರ ಉಸಿರು ಎಣಿಸುತ್ತಿದ್ದೆ. ಕೆಳಗೆ ಆಂಬುಲೆನ್ಸ್ ನಿಂತ ಸದ್ದಾದಾಗ ಇವರು ಚಮಚವನ್ನು ನನ್ನ ಕಡೆ ತಳ್ಳಿದರು.

“ಲೋಲಾಕ್ಷಿ, ಇವತ್ತು ನೀನು ನೋಡು. ಹೋಟೆಲಲ್ಲಿ ಕಾಯ್ತಾ ಇರ್ತಾರೆ.”

ನಲವತ್ತು ವರ್ಷದಲ್ಲಿ ಈ ಕೆಲಸವನ್ನು ನನಗೆ ಕೊಟ್ಟವರಲ್ಲ. ಒಂದು ಚಮಚ ಬಾಯಿಗಿಟ್ಟೆ. ಗಂಟಲಿಗೆ ಇಳಿಯದಷ್ಟು ಉಪ್ಪು. ಇವರ ನಾಲಿಗೆ ಸತ್ತಿದೆ ಎಂದು ಹೇಳುವ ಧೈರ್ಯ ಹೋಟೆಲಲ್ಲಿ ಯಾರಿಗೂ ಬಂದಿರಲಿಲ್ಲ; ಇಷ್ಟು ಉಪ್ಪನ್ನು ಗಿರಾಕಿಗೆ ಬಡಿಸುವಂತಿಲ್ಲ, ಇವರ ಕ್ಯಾರಿಯರಿಗೆ ಮಾತ್ರ ಬೇರೆಯಾಗಿ ಉಪ್ಪು ಹಾಕುತ್ತಾ ಹೋಗಿದ್ದರು.

“ಸರಿಯಾಗಿದೆ” ಎಂದೆ.

ಇವರು ಕಣ್ಣು ಮುಚ್ಚಿಕೊಂಡು ಹ್ಞೂಂ ಎಂದರು.